ಫೋಟೋ ಸಂಗ್ರಹ ತಾನಾಗೇ ಡಿಸ್ಕ್ ಸೇರಲಿ: ಇನ್‌ಕ್ರಿಮೆಂಟಲ್ ಬ್ಯಾಕಪ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾಮೆರಾ ಮತ್ತು ಫೋನಿನ ಫೋಟೋಗಳನ್ನು ಡಿವಿಡಿ, ಬ್ಲೂ-ರೇ ಡಿಸ್ಕ್‌ಗಳಿಗೆ ಬರ್ನ್ ಮಾಡಿ ಇಡುವವರಿಗಾಗಿ ಈ ಪುಟ. ಇಲ್ಲಿ ಡಿಸ್ಕ್ ಅಂದರೆ ಬರ್ನ್ ಮಾಡುವ ಡಿಸ್ಕ್ ಮಾತ್ರ. ಹಾರ್ಡ್ ಡಿಸ್ಕ್ ಬಂದಾಗ ಹಾರ್ಡ್ ಡಿಸ್ಕ್ ಅಂತಲೇ ಬರೆದಿದ್ದೇನೆ.

ಇನ್‌ಕ್ರಿಮೆಂಟಲ್ ಬ್ಯಾಕಪ್ ಅಂದರೇನು?

ಹಿಂದಿನ ಬ್ಯಾಕಪ್ ಆದ ಮೇಲೆ ಹೊಸದಾಗಿ ಬಂದದ್ದು, ಬದಲಾದದ್ದು ಎಷ್ಟಿದೆಯೋ ಅಷ್ಟನ್ನು ಮಾತ್ರ ನಕಲು ಮಾಡುವುದು. ಪೂರ್ತಿ ಬ್ಯಾಕಪ್‌ನಲ್ಲಿ ಪ್ರತಿ ಸಲವೂ ಎಲ್ಲವೂ ಮೊದಲಿನಿಂದ ನಕಲಾಗುತ್ತದೆ. ನಡುವೆ ಡಿಫರೆನ್ಶಿಯಲ್ ಅಂತ ಇನ್ನೊಂದಿದೆ. ಅದು ಕೊನೆಯ ಪೂರ್ತಿ ಬ್ಯಾಕಪ್ ನಂತರ ಬಂದದ್ದನ್ನೆಲ್ಲ ಪ್ರತಿ ಸಲ ತೆಗೆದುಕೊಳ್ಳುತ್ತದೆ, ಹಾಗಾಗಿ ದಿನ ಕಳೆದಂತೆ ಉಬ್ಬುತ್ತಾ ಹೋಗುತ್ತದೆ.

ಫೋಟೋಗಳಿಗೆ ಇನ್‌ಕ್ರಿಮೆಂಟಲ್ ಹೇಳಿ ಮಾಡಿಸಿದ ಹಾಗಿದೆ. ಲೆಕ್ಕದ ಫೈಲ್ ದಿನಾ ಬದಲಾಗುತ್ತದೆ. ಫೋಟೋ ಹಾಗಲ್ಲ. ತೆಗೆದ ದಿನ ಹೇಗಿತ್ತೋ ಹತ್ತು ವರ್ಷ ಆದರೂ ಹಾಗೇ ಇರುತ್ತದೆ. ಒಮ್ಮೆ ಡಿಸ್ಕ್‌ಗೆ ಹೋದದ್ದನ್ನು ಮತ್ತೆ ಬರ್ನ್ ಮಾಡುವ ಕೆಲಸವೇ ಇಲ್ಲ.

ಹಾರ್ಡ್ ಡಿಸ್ಕ್ ಇದೆ, ಕ್ಲೌಡ್ ಇದೆ. ಈಗಲೂ ಡಿಸ್ಕ್ ಯಾಕೆ?

ಒಂದೇ ಕಾರಣ ಸಾಕು. ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕನ್ನು ಮುಗಿಸಿ ಮುಚ್ಚಿದ ಮೇಲೆ ಅದರಲ್ಲಿರುವುದನ್ನು ಯಾರೂ ಅಳಿಸಲಾರರು. ರ‍್ಯಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್) ಬಂದರೂ ಅದರ ಕೈಗೆ ಸಿಗುವುದಿಲ್ಲ. ತಪ್ಪಾಗಿ ಡಿಲೀಟ್ ಒತ್ತಿದರೂ ಅದಕ್ಕೆ ಏನೂ ಆಗುವುದಿಲ್ಲ. ಕ್ಲೌಡ್ ಸಿಂಕ್‌ನಲ್ಲಿ ಒಂದು ಕಡೆ ಅಳಿಸಿದ್ದು ಎಲ್ಲ ಕಡೆಯೂ ಅಳಿಸಿ ಹೋಗುತ್ತದೆ.

ಹಾಗಂತ ಡಿಸ್ಕ್ ಒಂದನ್ನೇ ನಂಬಬೇಡಿ. ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮ ಇವತ್ತಿಗೂ ಸರಿಯಾಗಿಯೇ ಇದೆ. ಒಟ್ಟು 3 ಪ್ರತಿ, 2 ಬೇರೆ ಬೇರೆ ಬಗೆಯ ಮಾಧ್ಯಮ, 1 ಪ್ರತಿ ಬೇರೆ ಜಾಗದಲ್ಲಿ. ಡಿಸ್ಕ್ ಆ ಎರಡನೇ ಬಗೆಯ ಮಾಧ್ಯಮ. ಹಗುರವಾದ್ದರಿಂದ ಬೇರೆ ಜಾಗಕ್ಕೆ ಕಳಿಸುವುದೂ ಸುಲಭ.

ಯಾವ ಡಿಸ್ಕ್ ತಗೊಳ್ಳಲಿ? ಎಷ್ಟು ಫೋಟೋ ಹಿಡಿಯುತ್ತದೆ?

ಸಿಡಿ 700 ಎಂಬಿ. ಈಗಿನ ಫೋಟೋಗಳಿಗೆ ಅದು ಯಾವ ಮೂಲೆಗೂ ಸಾಲದು. ಡಿವಿಡಿ 4.7 ಜಿಬಿ, ಎರಡು ಪದರದ್ದಾದರೆ 8.5 ಜಿಬಿ. ಬ್ಲೂ-ರೇ 25 ಜಿಬಿ, ಎರಡು ಪದರದಲ್ಲಿ 50, ಮೂರು ನಾಲ್ಕು ಪದರದ ಬಿಡಿಎಕ್ಸ್‌ಎಲ್ ಆದರೆ 100 ಅಥವಾ 128 ಜಿಬಿ. ಡಬ್ಬದ ಮೇಲಿನ 25 ಜಿಬಿಯನ್ನು ವಿಂಡೋಸ್ 23.3 ಅಂತ ತೋರಿಸುತ್ತದೆ, 4.7 ಜಿಬಿಯನ್ನು 4.38 ಅಂತ. ಮೋಸ ಏನಿಲ್ಲ. ಒಬ್ಬರು 1000ದ ಲೆಕ್ಕ ಹಿಡಿದರೆ ಇನ್ನೊಬ್ಬರು 1024ರ ಲೆಕ್ಕ ಹಿಡಿಯುತ್ತಾರೆ, ಅಷ್ಟೇ.

ಒಂದು ರಾ ಫೈಲ್ (ಕ್ಯಾಮೆರಾ ಸೆನ್ಸರ್ ಕಂಡದ್ದನ್ನು ಹಾಗೇ ಇಡುವ ಫೈಲ್) 25 ಎಂಬಿ ಅಂದುಕೊಂಡರೆ 25 ಜಿಬಿ ಡಿಸ್ಕ್‌ನಲ್ಲಿ ಸುಮಾರು 1000 ಹಿಡಿಯುತ್ತವೆ. 5 ಎಂಬಿಯ ಜೆಪೆಗ್ ಆದರೆ 5000. ನನ್ನ ಆಯ್ಕೆ 25 ಜಿಬಿಯ ಒಂದೇ ಪದರದ ಬಿಡಿ-ಆರ್, ಅಂದರೆ ಒಮ್ಮೆ ಮಾತ್ರ ಬರೆಯಬಹುದಾದ ಬ್ಲೂ-ರೇ. ಒಂದು ಡಿಸ್ಕ್ ಕೈಕೊಟ್ಟರೂ ಹೋಗುವುದು 25 ಜಿಬಿ ಮಾತ್ರ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ, ಆರ್‌ಇ ಡಿಸ್ಕ್‌ಗಳನ್ನು ಈ ಕೆಲಸಕ್ಕೆ ತರಬೇಡಿ. ಯಾರೂ ಅಳಿಸಲಾರರು ಅನ್ನುವ ಗುಣಕ್ಕಾಗಿಯೇ ಅಲ್ವಾ ನಾವು ಡಿಸ್ಕ್ ಹಿಡಿದದ್ದು?

ಇನ್ನೊಂದು ಮಾತು. ಬರ್ನ್ ಮಾಡುವ ಬ್ಲೂ-ರೇ ಡಿಸ್ಕ್‌ಗಳ ತಯಾರಿಕೆಯನ್ನು ಸೋನಿ 2025ರ ಫೆಬ್ರವರಿಗೆ ನಿಲ್ಲಿಸಿತು. ಬೇರೆಯವರ ಡಿಸ್ಕ್‌ಗಳು ಸಿಗುತ್ತವೆ, ಆದರೆ ಡ್ರೈವ್ ಮಾತ್ರ ಈಗಲೇ ಎರಡು ಇಟ್ಟುಕೊಳ್ಳಿ. ಓದುವ ಡ್ರೈವ್ ಇಲ್ಲದಿದ್ದರೆ ಡಿಸ್ಕ್ ಎಷ್ಟು ಚೆನ್ನಾಗಿದ್ದರೂ ಏನು ಪ್ರಯೋಜನ?

ಡಿಸ್ಕನ್ನು ಕೈಯಿಂದಲೇ ಹಾಕಬೇಕಲ್ವಾ? ಹಾಗಾದರೆ ತಾನಾಗೇ ಆಗುವುದು ಏನು?

ಡಿಸ್ಕ್ ಹಾಕುವುದೊಂದು ಬಿಟ್ಟು ಉಳಿದದ್ದೆಲ್ಲ. ಡಿಸ್ಕ್ ಹಾಕಲು ಅರ್ಧ ನಿಮಿಷ ಸಾಕು. "ಹೋದ ಸಲ ಎಲ್ಲಿಯವರೆಗೆ ಮಾಡಿದ್ದೆ? ಈ ಫೋಲ್ಡರ್ ಹೋಗಿತ್ತಾ? ಇವೆಲ್ಲ ಸೇರಿ ಒಂದು ಡಿಸ್ಕ್‌ಗೆ ಹಿಡಿಯುತ್ತವಾ?" ಈ ತಲೆಬಿಸಿಗೇ ಜನ ಬ್ಯಾಕಪ್ ಬಿಟ್ಟುಬಿಡುವುದು. ಕಂಪ್ಯೂಟರ್ ಮಾಡಬೇಕಾದದ್ದು ಈ ಕೆಲಸವನ್ನು.

ನನ್ನ ವ್ಯವಸ್ಥೆ ಹೀಗಿದೆ. ರಾತ್ರಿ 2 ಗಂಟೆಗೆ ಒಂದು ಸ್ಕ್ರಿಪ್ಟ್ (ಆಜ್ಞೆಗಳ ಪುಟ್ಟ ಪ್ರೋಗ್ರಾಂ) ಏಳುತ್ತದೆ. ಫೋಟೋ ಫೋಲ್ಡರನ್ನೆಲ್ಲ ಸುತ್ತಿ, ಆಗಲೇ ಡಿಸ್ಕ್ ಸೇರಿದವುಗಳ ಪಟ್ಟಿಯಲ್ಲಿ ಇಲ್ಲದ ಫೈಲ್‌ಗಳನ್ನು ಹುಡುಕುತ್ತದೆ. ಸಿಕ್ಕವನ್ನು "ಸರದಿ" ಅನ್ನುವ ಫೋಲ್ಡರಿಗೆ ನಕಲು ಮಾಡುತ್ತದೆ. ಸರದಿ 20 ಜಿಬಿ ಮುಟ್ಟಿದ ದಿನ ನನಗೊಂದು ಸಂದೇಶ: "ಡಿಸ್ಕ್ 48 ಸಿದ್ಧ, ಖಾಲಿ ಡಿಸ್ಕ್ ಹಾಕಿ." ಹಾಕುತ್ತೇನೆ. ಬರ್ನ್ ಆಗುತ್ತದೆ. ಡಿಸ್ಕ್ ಹೊರಬಂದು ಮತ್ತೆ ಒಳಹೋಗುತ್ತದೆ, ಸ್ಕ್ರಿಪ್ಟ್ ಪ್ರತಿ ಫೈಲನ್ನೂ ಓದಿ ತಾಳೆ ನೋಡುತ್ತದೆ. ಎಲ್ಲ ಸರಿ ಇದ್ದರೆ ಮಾತ್ರ ಪಟ್ಟಿಯಲ್ಲಿ ಆ ಫೈಲ್‌ಗಳ ಮುಂದೆ 48 ಅಂತ ಬರೆದು ಸರದಿ ಖಾಲಿ ಮಾಡುತ್ತದೆ. ಒಂದೇ ಒಂದು ಫೈಲ್ ತಪ್ಪಿದ್ದರೂ ಪಟ್ಟಿಗೆ ಕೈ ಹಚ್ಚುವುದಿಲ್ಲ, ಸರದಿಯೂ ಹಾಗೇ ಉಳಿಯುತ್ತದೆ. ಆ ಡಿಸ್ಕ್ ಬಿಸಾಡಿ ಇನ್ನೊಂದು ಹಾಕುತ್ತೇನೆ.

ಈ ಕ್ರಮವನ್ನು ಬದಲಿಸಬೇಡಿ. ಮೊದಲು ಬರ್ನ್, ಆಮೇಲೆ ತಾಳೆ, ಕೊನೆಗೆ ಪಟ್ಟಿ. ಪಟ್ಟಿಯನ್ನು ಮೊದಲೇ ಬರೆದುಬಿಟ್ಟು ಬರ್ನ್ ನಡುವೆ ಕರೆಂಟ್ ಹೋದರೆ, ಆ ಫೋಟೋಗಳು ಡಿಸ್ಕ್‌ನಲ್ಲಿವೆ ಅಂತ ಸ್ಕ್ರಿಪ್ಟ್ ಶಾಶ್ವತವಾಗಿ ನಂಬಿಕೊಂಡಿರುತ್ತದೆ.

ಯಾವುದು ಹೊಸ ಫೋಟೋ ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ಜಾಸ್ತಿ ಜನ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸುಲಭ ಅನ್ನಿಸುವ ದಾರಿ ತಾರೀಕು. ಹೋದ ಬ್ಯಾಕಪ್ ದಿನದ ನಂತರ ಬದಲಾದ ಫೈಲ್‌ಗಳನ್ನು ಮಾತ್ರ ತೆಗೆದುಕೊಂಡರಾಯಿತು ಅಂತ. ಆದರೆ ಹಳೇ ಮೆಮೊರಿ ಕಾರ್ಡ್ ಒಂದು ಇವತ್ತು ಸಿಕ್ಕಿತು ಅನ್ನಿ. ಅದರಲ್ಲಿರುವ ಫೋಟೋಗಳ ತಾರೀಕು 2011. ಕಾಪಿ ಮಾಡುವಾಗ ಆ ತಾರೀಕೂ ಜೊತೆಗೇ ಬರುತ್ತದೆ. ಸ್ಕ್ರಿಪ್ಟ್ ನೋಡಿ "ಇವು ಹಳೆಯವು, ಆಗಲೇ ಹೋಗಿರಬೇಕು" ಅಂತ ಮುಂದೆ ಹೋಗುತ್ತದೆ. ಅವು ಯಾವ ಡಿಸ್ಕನ್ನೂ ಸೇರುವುದೇ ಇಲ್ಲ.

ಹೆಸರನ್ನು ನಂಬೋಣ ಅಂದರೆ ಅದೂ ಆಗದು. ಕ್ಯಾಮೆರಾಗಳು ಫೈಲ್‌ಗೆ 0001ರಿಂದ 9999ರವರೆಗೆ ನಂಬರ್ ಕೊಟ್ಟು ಮತ್ತೆ 0001ಕ್ಕೆ ಬರುತ್ತವೆ. ಎರಡು ಬೇರೆ ಬೇರೆ ಫೋಟೋಗಳಿಗೆ ಒಂದೇ ಹೆಸರು ಬರುವುದು ಸಹಜ.

ವಿಂಡೋಸ್‌ನಲ್ಲಿ ಆರ್ಕೈವ್ ಬಿಟ್ ಅಂತ ಒಂದು ಗುರುತಿದೆ. ಫೈಲ್ ಬದಲಾದಾಗ ಅದು ಏಳುತ್ತದೆ, ಬ್ಯಾಕಪ್ ಸಾಫ್ಟ್‌ವೇರ್ ಅದನ್ನು ಇಳಿಸುತ್ತದೆ. ಎರಡು ಬ್ಯಾಕಪ್ ಸಾಫ್ಟ್‌ವೇರ್ ಇದ್ದರೆ ಒಂದು ಇಳಿಸಿದ್ದನ್ನು ನೋಡಿ ಇನ್ನೊಂದು ಸುಮ್ನೆ ಕೂರುತ್ತದೆ.

ಉಳಿಯುವುದು ಚೆಕ್‌ಸಮ್. ಫೈಲ್‌ನ ಒಳಗಿರುವುದನ್ನೆಲ್ಲ ಓದಿ ಅದಕ್ಕೊಂದು ಬೆರಳಚ್ಚು ತೆಗೆಯುವುದು. ಎಸ್‌ಎಚ್‌ಎ-256 ಅನ್ನುವ ವಿಧಾನ ಆದರೆ 64 ಅಕ್ಷರದ ಒಂದು ಸಾಲು ಬರುತ್ತದೆ. ಫೈಲ್‌ನಲ್ಲಿ ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆ. ಹೆಸರು, ತಾರೀಕು, ಫೋಲ್ಡರ್ ಏನೇ ಬದಲಾದರೂ ಅದೇ ಸಾಲು. ಈ ಬೆರಳಚ್ಚು ಪಟ್ಟಿಯಲ್ಲಿ ಇದೆಯಾ ಇಲ್ವಾ, ಕೇಳಬೇಕಾದದ್ದು ಇಷ್ಟೇ. ಫೋಲ್ಡರ್‌ಗಳನ್ನು ಹೊಸದಾಗಿ ಜೋಡಿಸಿದಿರಿ ಅಂತ 300 ಜಿಬಿ ಮತ್ತೆ ಬರ್ನ್ ಆಗುವ ಗೋಳೂ ಇರುವುದಿಲ್ಲ.

ದಿನಾ ರಾತ್ರಿ ಎಲ್ಲ ಫೈಲ್ ಓದುವುದು ಭಾರ. ಅದಕ್ಕೆ ನಾನು ದಿನಾ ಫೈಲ್ ಇರುವ ಜಾಗ, ಗಾತ್ರ ಮತ್ತು ತಾರೀಕು ಮಾತ್ರ ನೋಡಿಸುತ್ತೇನೆ. ಪಟ್ಟಿಯಲ್ಲಿ ಇಲ್ಲದ್ದು ಅಥವಾ ಹೊಂದದ್ದು ಕಂಡರೆ ಮಾತ್ರ ಚೆಕ್‌ಸಮ್. ತಿಂಗಳಿಗೊಮ್ಮೆ ಎಲ್ಲಕ್ಕೂ ಚೆಕ್‌ಸಮ್.

ಪಟ್ಟಿಯಲ್ಲಿ ಏನೇನು ಬರೆಯಬೇಕು?

ಒಂದು ಫೈಲ್‌ಗೆ ಒಂದು ಸಾಲು. ಬೆರಳಚ್ಚು, ಗಾತ್ರ, ತಾರೀಕು, ಇರುವ ಜಾಗ, ಡಿಸ್ಕ್ ನಂಬರ್. ನನ್ನ ಪಟ್ಟಿಯ ಒಂದು ಸಾಲು ನೋಡಿ: ಮೊದಲು 64 ಅಕ್ಷರದ ಬೆರಳಚ್ಚು, ಆಮೇಲೆ "24817664, 2016-08-14 17:42, 2016/ಆಗಸ್ಟ್/ಅಪ್ಪ ಕಿಟಕಿ ಹತ್ತಿರ, ಡಿಸ್ಕ್ 19". ಯಾವುದೇ ಕಂಪ್ಯೂಟರ್‌ನಲ್ಲಿ ತೆರೆಯಬಲ್ಲ ಸಾದಾ ಟೆಕ್ಸ್ಟ್ ಫೈಲ್ ಇದು.

ಆ ಸಾಲನ್ನೇ ಆರಿಸಲು ಕಾರಣ ಇದೆ. ನನ್ನ ಹಾರ್ಡ್ ಡಿಸ್ಕ್ ಒಂದು ದಿನ ಟಕ್ ಟಕ್ ಸದ್ದು ಮಾಡಿ ನಿಂತುಹೋಯಿತು. ಆಗ ನನ್ನ ಹತ್ತಿರ ಕೈಯಾರೆ ಬರ್ನ್ ಮಾಡಿದ 41 ಡಿಸ್ಕ್‌ಗಳಿದ್ದವು, ಪಟ್ಟಿ ಇರಲಿಲ್ಲ. ಎಲ್ಲದರ ಮೇಲೂ "ಫೋಟೋ" ಅಂತ ಬರೆದಿತ್ತು, ಕೆಲವದರ ಮೇಲೆ ವರ್ಷ. ಅಪ್ಪ ಕಿಟಕಿ ಹತ್ತಿರ ಕೂತು, ದಾರ ಸುತ್ತಿದ ಕನ್ನಡಕ ಹಾಕಿಕೊಂಡು ಪೇಪರ್ ಓದುತ್ತಿದ್ದ ಫೋಟೋ ಬೇಕಿತ್ತು. ಒಂದೊಂದೇ ಡಿಸ್ಕ್ ಹಾಕಿ ತೆಗೆದು ಮೂರು ಸಂಜೆ ಹುಡುಕಿದೆ. 19ನೆಯದರಲ್ಲಿ ಸಿಕ್ಕಿತು. ಅದರ ಪಕ್ಕದ ಎರಡು ಫೋಟೋಗಳು ಯಾವ ಡಿಸ್ಕ್‌ನಲ್ಲೂ ಇರಲಿಲ್ಲ. ಆ ವಾರ ಎರಡು ಡಿಸ್ಕ್‌ಗಳ ನಡುವೆ ಎಲ್ಲೋ ತಪ್ಪಿಹೋಗಿತ್ತು. ಪಟ್ಟಿ ಇದ್ದಿದ್ದರೆ ಅವು ಯಾವ ಡಿಸ್ಕನ್ನೂ ಸೇರಿಲ್ಲ ಅಂತ ಮಾರನೇ ದಿನವೇ ಗೊತ್ತಾಗುತ್ತಿತ್ತು. ಡಿಸ್ಕ್‌ಗಿಂತ ಪಟ್ಟಿ ದೊಡ್ಡದು ಅಂತ ನಾನು ಯಾರಿಗೇ ಆದರೂ ಹೇಳುವುದು ಇದಕ್ಕೇ.

ಪಟ್ಟಿಯ ಇಡೀ ಪ್ರತಿಯನ್ನು ಪ್ರತಿ ಹೊಸ ಡಿಸ್ಕ್‌ನ ಒಳಗೂ ಹಾಕಿ. ಕೆಲವೇ ಎಂಬಿ ಆಗುತ್ತದೆ. ಕಂಪ್ಯೂಟರ್ ಪೂರ್ತಿ ಹೋದರೂ ಕೊನೆಯ ಡಿಸ್ಕ್ ತೆರೆದರೆ ಎಲ್ಲ ಡಿಸ್ಕ್‌ಗಳ ವಿಳಾಸ ಸಿಗುತ್ತದೆ.

ಎಡಿಟ್ ಮಾಡಿದ ಫೋಟೋ ಮತ್ತೆ ಮತ್ತೆ ಬರ್ನ್ ಆಗುತ್ತಾ?

ಎಡಿಟ್ ಎಲ್ಲಿ ಕೂರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಲೈಟ್‌ರೂಮ್, ಡಾರ್ಕ್‌ಟೇಬಲ್ ತರಹದ ಎಡಿಟಿಂಗ್ ಸಾಫ್ಟ್‌ವೇರ್‌ಗಳು ರಾ ಫೈಲನ್ನು ಮುಟ್ಟುವುದಿಲ್ಲ. ಬದಲಾವಣೆಯನ್ನು ತಮ್ಮ ಕ್ಯಾಟಲಾಗ್‌ನಲ್ಲೋ (ಎಲ್ಲ ಫೋಟೋಗಳ ವಿವರ ಇಡುವ ಫೈಲ್), ಪಕ್ಕದಲ್ಲಿ ಇಡುವ ಪುಟ್ಟ ಎಕ್ಸ್‌ಎಂಪಿ ಫೈಲ್‌ನಲ್ಲೋ ಬರೆಯುತ್ತವೆ. ಎಕ್ಸ್‌ಎಂಪಿ ಕೆಲವು ಕೆಬಿ ಮಾತ್ರ, ಹತ್ತು ಸಲ ಬರ್ನ್ ಆದರೂ ಚಿಂತೆಯಿಲ್ಲ. ಆದರೆ ಜೆಪೆಗ್ ಮತ್ತು ಡಿಎನ್‌ಜಿ ಅನ್ನುವ ಬಗೆಯ ಫೋಟೋ ಫೈಲ್‌ಗಳಲ್ಲಿ ಕೀವರ್ಡ್, ಸ್ಟಾರ್ ಮುಂತಾದವು ಫೈಲ್‌ನ ಒಳಗೇ ಸೇರಿಕೊಳ್ಳಬಹುದು. 4000 ಫೋಟೋಗಳಿಗೆ ಒಂದೇ ಸಲ ಒಂದು ಕೀವರ್ಡ್ ಹಾಕಿದರೆ ಆ 4000ವೂ ಹೊಸ ಬೆರಳಚ್ಚಿನೊಂದಿಗೆ ಸರದಿಗೆ ಬಂದು ನಿಲ್ಲುತ್ತವೆ.

ಅದಕ್ಕೇ ನಾನು ಮೂಲ ಫೋಟೋಗಳ ಫೋಲ್ಡರನ್ನು ಓದಲು ಮಾತ್ರ ಅನುಮತಿ ಇರುವ ಹಾಗೆ ಇಟ್ಟಿದ್ದೇನೆ. ಎಡಿಟ್ ಆದ ಪ್ರತಿಗಳಿಗೆ ಬೇರೆ ಫೋಲ್ಡರ್. ಕ್ಯಾಟಲಾಗ್‌ನ ಒಂದು ನಕಲು ಪ್ರತಿ ಡಿಸ್ಕ್‌ನಲ್ಲೂ ಇರಲಿ, ಆದರೆ ಸಾಫ್ಟ್‌ವೇರ್ ಮುಚ್ಚಿದ ಮೇಲೆ ತೆಗೆದದ್ದಾಗಿರಲಿ. ತೆರೆದಿರುವಾಗ ನಕಲಾದ ಕ್ಯಾಟಲಾಗ್ ಅರ್ಧಂಬರ್ಧ ಇರಬಹುದು.

ಸರದಿಗೆ ನಕಲಿನ ಬದಲು ಹಾರ್ಡ್ ಲಿಂಕ್ (ಅದೇ ಫೈಲ್‌ಗೆ ಇನ್ನೊಂದು ಹೆಸರು) ಇಟ್ಟರೆ ಜಾಗ ಉಳಿಯುತ್ತದಲ್ವಾ ಅಂತಲೂ ಕೇಳುತ್ತಾರೆ. ಉಳಿಯುತ್ತದೆ. ಆದರೆ ಮೂಲ ಫೈಲ್ ಇದ್ದಲ್ಲೇ ಬದಲಾದರೆ ಸರದಿಯಲ್ಲಿರುವುದೂ ಬದಲಾಗುತ್ತದೆ, ಯಾಕಂದರೆ ಎರಡೂ ಒಂದೇ ಫೈಲ್. 20 ಜಿಬಿ ಜಾಗಕ್ಕಾಗಿ ಆ ಅಪಾಯ ಬೇಡ.

ಕಂಪ್ಯೂಟರ್‌ನಿಂದ ಅಳಿಸಿದ ಫೋಟೋ ಡಿಸ್ಕ್‌ನಲ್ಲಿ ಉಳಿಯುತ್ತಾ?

ಉಳಿಯುತ್ತದೆ. ಬೇಡದ ಫೋಟೋಗಳನ್ನು ಸರದಿಗೆ ಹೋಗುವ ಮೊದಲೇ ಆರಿಸಿ ತೆಗೆಯಿರಿ.

ಡಿಸ್ಕ್ ತುಂಬಲು ಎರಡು ತಿಂಗಳು ಬೇಕು. ಅಷ್ಟರಲ್ಲಿ ಹಾರ್ಡ್ ಡಿಸ್ಕ್ ಹೋದರೆ?

ಅದಕ್ಕೆ ಸರದಿ ಫೋಲ್ಡರನ್ನೂ ಪಟ್ಟಿಯನ್ನೂ ದಿನಾ ರಾತ್ರಿ ಇನ್ನೊಂದು ಹಾರ್ಡ್ ಡಿಸ್ಕ್‌ಗೆ ಕಳಿಸಬೇಕು. ಬದಲಾದದ್ದನ್ನು ಮಾತ್ರ ನಕಲು ಮಾಡುವ ಆರ್‌ಸಿಂಕ್ ಇದಕ್ಕೆ ಸಾಕು. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ 1996ರಲ್ಲಿ ಹೊರತಂದ ಈ ಸಾಧನ ಇನ್ನೂ ಎಲ್ಲೆಡೆ ಬಳಕೆಯಲ್ಲಿದೆ. ಅದರ ಲಿಂಕ್-ಡೆಸ್ಟ್ ಆಯ್ಕೆ ಬಳಸಿದರೆ ಪ್ರತಿ ದಿನಕ್ಕೂ ಒಂದು ಪೂರ್ತಿ ಫೋಲ್ಡರ್ ಕಾಣುತ್ತದೆ, ಬದಲಾಗದ ಫೈಲ್‌ಗಳು ಮಾತ್ರ ಹಾರ್ಡ್ ಲಿಂಕ್ ಆಗಿರುವುದರಿಂದ ಜಾಗ ಹೆಚ್ಚು ತಿನ್ನುವುದಿಲ್ಲ. ಇಲ್ಲಿ ಹಾರ್ಡ್ ಲಿಂಕ್‌ಗೆ ಹೆದರಬೇಕಿಲ್ಲ, ಬ್ಯಾಕಪ್ ಫೋಲ್ಡರನ್ನು ಯಾರೂ ಎಡಿಟ್ ಮಾಡುವುದಿಲ್ಲವಲ್ಲ. ಮ್ಯಾಕ್‌ನ ಟೈಮ್ ಮೆಷಿನ್ 2007ರಲ್ಲಿ ಬಂದಾಗ ಹಿಡಿದದ್ದೂ ಇದೇ ದಾರಿ.

ಎರಡು ಎಚ್ಚರಿಕೆ. ಆರ್‌ಸಿಂಕ್‌ನ ಡಿಲೀಟ್ ಆಯ್ಕೆಯನ್ನು ಒಂದೇ ಪ್ರತಿ ಇರುವ ಫೋಲ್ಡರ್ ಮೇಲೆ ಹಾಕಬೇಡಿ, ಮೂಲದಲ್ಲಿ ತಪ್ಪಾಗಿ ಅಳಿಸಿದ್ದು ಬ್ಯಾಕಪ್‌ನಲ್ಲೂ ಅಳಿಸುತ್ತದೆ. ಹಾರ್ಡ್ ಡಿಸ್ಕ್ ಫ್ಯಾಟ್ (ಫೈಲ್‌ಗಳನ್ನು ಜೋಡಿಸಿಡುವ ಹಳೆಯ ಪದ್ಧತಿ) ಮಾದರಿಯದ್ದಾಗಿದ್ದರೆ ಅದು ಸಮಯವನ್ನು 2 ಸೆಕೆಂಡಿನ ಹಂತದಲ್ಲಿ ಮಾತ್ರ ಬರೆಯುತ್ತದೆ. ಆರ್‌ಸಿಂಕ್‌ಗೆ ಅದು "ಬದಲಾಗಿದೆ" ಅನ್ನಿಸಿ ಎಲ್ಲವನ್ನೂ ಮತ್ತೆ ಕಾಪಿ ಮಾಡುತ್ತದೆ. ಮಾಡಿಫೈ-ವಿಂಡೋ ಆಯ್ಕೆಯಲ್ಲಿ ಅಷ್ಟು ವ್ಯತ್ಯಾಸಕ್ಕೆ ಅವಕಾಶ ಕೊಡಿ. ಫ್ಯಾಟ್‌ನಲ್ಲಿ ಹಾರ್ಡ್ ಲಿಂಕೂ ಇಲ್ಲ.

ಮಲ್ಟಿಸೆಷನ್ ಬಳಸಿ ಒಂದೇ ಡಿಸ್ಕ್‌ಗೆ ವಾರ ವಾರ ಸೇರಿಸಬಾರದಾ?

ಸೇರಿಸಬಹುದು. ಲಿನಕ್ಸ್‌ನ ಕ್ಸೊರಿಸೊ ಅನ್ನುವ ಬರ್ನ್ ಸಾಧನ ಬದಲಾದ ಫೈಲ್‌ಗಳನ್ನು ಮಾತ್ರ ಹೊಸ ಸೆಷನ್ (ಒಂದು ಸಲಕ್ಕೆ ಬರೆಯುವ ಕಂತು) ಆಗಿ ಸೇರಿಸುತ್ತದೆ, ಇನ್‌ಕ್ರಿಮೆಂಟಲ್ ಬ್ಯಾಕಪ್‌ಗೆ ಅಂತಲೇ ಅದರಲ್ಲಿ ಏರ್ಪಾಡಿದೆ. ನಾನು ಬಳಸುವುದಿಲ್ಲ. ಪ್ರತಿ ಸೆಷನ್ನೂ ಸ್ವಲ್ಪ ಜಾಗ ತಿನ್ನುತ್ತದೆ. ಹಳೇ ಸೆಷನ್ ಕಾಣದೆ ಹೋಗುವ ತೊಂದರೆ ಬೇರೆ ಬೇರೆ ಡ್ರೈವ್‌ಗಳಲ್ಲಿ ಬರುತ್ತದೆ. ಮುಚ್ಚದ ಡಿಸ್ಕನ್ನು ಹತ್ತು ಸಲ ತೆಗೆದು ಹಾಕುವಾಗ ಗೀರು ಬೀಳುವುದೂ ಉಂಟು.

ಫೈಲ್, ಫೋಲ್ಡರ್‌ಗಳಿಗೆ ಕನ್ನಡದಲ್ಲಿ ಹೆಸರಿಟ್ಟರೆ ತೊಂದರೆಯಾ?

ಧಾರಾಳವಾಗಿ ಇಡಿ, ಆದರೆ ಡಿಸ್ಕನ್ನು ಯುಡಿಎಫ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸುವ ಒಂದು ಪದ್ಧತಿ) ಮಾದರಿಯಲ್ಲಿ ಬರ್ನ್ ಮಾಡಿ. ಹಳೆಯ ಐಎಸ್‌ಒ 9660ಕ್ಕೆ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಂಡರ್‌ಸ್ಕೋರ್ ಬಿಟ್ಟರೆ ಬೇರೆ ಗೊತ್ತಿಲ್ಲ. ಅದರ ಮೇಲೆ ಬಂದ ಜೋಲಿಯೆಟ್‌ನಲ್ಲಿ ಕನ್ನಡ ನಡೆಯುತ್ತದೆ, ಆದರೆ ಹೆಸರು 64 ಸಂಕೇತಗಳಿಗೆ ಮುಗಿಯಬೇಕು. ಕನ್ನಡಕ್ಕೆ ಇದು ಬೇಗ ತುಂಬುತ್ತದೆ. "ಕ್ಷ್ಮೀ" ನಮಗೆ ಒಂದಕ್ಷರ, ಯೂನಿಕೋಡ್‌ಗೆ ಆರು ಸಂಕೇತ.

ಇನ್ನೊಂದು ಸೂಕ್ಷ್ಮ ಇದೆ. "ನೀರು" ಅನ್ನುವಲ್ಲಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಅಂತ ಬಿಡಿಸಿ ಎರಡಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಫೈಲ್ ಪದ್ಧತಿ ಎಚ್‌ಎಫ್‌ಎಸ್ ಪ್ಲಸ್ ಎಲ್ಲ ಹೆಸರನ್ನೂ ಬಿಡಿಸಿಯೇ ಇಡುತ್ತದೆ. ತೆರೆಯ ಮೇಲೆ ಎರಡೂ ಒಂದೇ ತರಹ ಕಾಣುತ್ತವೆ, ಹೆಸರನ್ನು ಹೋಲಿಸುವ ಸ್ಕ್ರಿಪ್ಟ್‌ಗೆ ಮಾತ್ರ ಅವು ಬೇರೆ ಬೇರೆ. ಬೆರಳಚ್ಚನ್ನು ನಂಬಿದವರಿಗೆ ಈ ಕಾಟ ಇಲ್ಲ.

ಬರ್ನ್ ಸರಿಯಾಗಿ ಆಗಿದೆ ಅಂತ ಹೇಗೆ ತಿಳಿಯುವುದು?

"ಯಶಸ್ವಿ" ಅಂತ ಬಂದ ಸಂದೇಶ ಸಾಲದು. ಡಿಸ್ಕನ್ನು ಹೊರತೆಗೆದು ಮತ್ತೆ ಹಾಕಿ, ಪ್ರತಿ ಫೈಲ್‌ನ ಚೆಕ್‌ಸಮ್ ಡಿಸ್ಕ್‌ನಿಂದಲೇ ಲೆಕ್ಕ ಹಾಕಿ ಪಟ್ಟಿಯೊಂದಿಗೆ ಹೋಲಿಸಿ. ಹೊರತೆಗೆಯದೆ ಓದಿದರೆ ಕಂಪ್ಯೂಟರ್ ತನ್ನ ನೆನಪಿನಲ್ಲಿರುವುದನ್ನೇ ತೋರಿಸಿಬಿಡಬಹುದು. ಸಾಧ್ಯವಾದರೆ ಬರ್ನ್ ಮಾಡಿದ್ದು ಒಂದು ಡ್ರೈವ್, ತಾಳೆ ನೋಡಿದ್ದು ಇನ್ನೊಂದು ಡ್ರೈವ್ ಆಗಿರಲಿ. ಬ್ಲೂ-ರೇಯಲ್ಲಿ 4 ಪಟ್ಟು ವೇಗ ಅಂದರೆ ಸೆಕೆಂಡಿಗೆ ಸುಮಾರು 18 ಎಂಬಿ, ತುಂಬಿದ ಡಿಸ್ಕ್‌ಗೆ 23 ನಿಮಿಷದ ಹತ್ತಿರ. ನಾನು ಅದಕ್ಕಿಂತ ಅವಸರ ಮಾಡುವುದಿಲ್ಲ.

ಜಿಪ್ ಮಾಡಿದರೆ ಜಾಗ ಉಳಿಯುತ್ತಾ?

ಇಲ್ಲ. ಜೆಪೆಗ್ ಆಗಲೇ ಒತ್ತಿ ಚಿಕ್ಕದು ಮಾಡಿದ ಫೈಲ್. ಜೊತೆಗೆ, ದೊಡ್ಡ ಜಿಪ್‌ನಲ್ಲಿ ಒಂದು ಕಡೆ ಹಾಳಾದರೆ ಉಳಿದದ್ದನ್ನು ತೆರೆಯುವುದೂ ಕಷ್ಟವಾಗುತ್ತದೆ. ಫೈಲ್‌ಗಳು ಬಿಡಿಬಿಡಿಯಾಗಿ ಇರಲಿ.

ಡಿಸ್ಕ್‌ಗೆ ಗೀರು ಬಿದ್ದರೆ ಏನು ಗತಿ? ಎಷ್ಟು ವರ್ಷ ಬಾಳುತ್ತದೆ?

20 ಜಿಬಿ ತುಂಬುತ್ತಲೇ ಬರ್ನ್ ಮಾಡುತ್ತೇನೆ ಅಂದಿದ್ದೆನಲ್ಲ, ಉಳಿದ ಜಾಗ ಇದಕ್ಕೇ. ಪಾರ್2 ಅನ್ನುವ ಸಾಧನ ಫೋಟೋಗಳಿಂದ ಲೆಕ್ಕ ಹಾಕಿ ದುರಸ್ತಿ ಫೈಲ್‌ಗಳನ್ನು ಮಾಡುತ್ತದೆ. 10 ಶೇಕಡ ದುರಸ್ತಿ ಇಟ್ಟರೆ ಹೆಚ್ಚುಕಡಿಮೆ ಅಷ್ಟು ಭಾಗ ಓದಲಾಗದೆ ಹೋದರೂ ಫೋಟೋಗಳನ್ನು ಮತ್ತೆ ಕಟ್ಟಬಹುದು. ಡಿವಿಡಿಸಾಸ್ಟರ್ ಇದೇ ಕೆಲಸವನ್ನು ಇಡೀ ಡಿಸ್ಕ್‌ನ ಮಟ್ಟದಲ್ಲಿ ಮಾಡುತ್ತದೆ.

ಬಾಳಿಕೆ ಒಳಗಿನ ಪದರದ ಮೇಲೆ ನಿಂತಿದೆ. ಸಿಡಿ-ಆರ್, ಡಿವಿಡಿ-ಆರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸಾವಯವ ಬಣ್ಣ. ಬೆಳಕು, ಶಾಖಕ್ಕೆ ಅದು ಮಾಸುತ್ತದೆ. ಎಲ್‌ಟಿಎಚ್ ಅಂತ ಬರೆದ ಬ್ಲೂ-ರೇಗಳಲ್ಲೂ ಅದೇ. ಎಚ್‌ಟಿಎಲ್ ಮಾದರಿಯ ಬಿಡಿ-ಆರ್ ಮತ್ತು ದೀರ್ಘ ಬಾಳಿಕೆಗೆ ಅಂತಲೇ ಮಾರುವ ಎಂ-ಡಿಸ್ಕ್‌ಗಳಲ್ಲಿ ನಿರವಯವ ಪದರ ಇರುವುದರಿಂದ ಅವನ್ನೇ ಆರಿಸಿ. ತಂಪಾದ, ಒಣ, ಕತ್ತಲೆ ಜಾಗದಲ್ಲಿ ಪೆಟ್ಟಿಗೆಯೊಳಗೆ ನೆಟ್ಟಗೆ ನಿಲ್ಲಿಸಿ. ಅಂಟಿಸುವ ಲೇಬಲ್ ಬೇಡವೇ ಬೇಡ. ಡಿಸ್ಕ್‌ಗೆ ಅಂತಲೇ ಬರುವ ಮಾರ್ಕರ್‌ನಲ್ಲಿ, ನಡುವಿನ ಪಾರದರ್ಶಕ ಉಂಗುರದ ಮೇಲೆ ನಂಬರ್ ಬರೆದರೆ ಸಾಕು. ವಿವರ ಪಟ್ಟಿಯಲ್ಲಿದೆ.

ಇಷ್ಟೆಲ್ಲ ಮಾಡಿಯೂ ವರ್ಷಕ್ಕೊಮ್ಮೆ ಪ್ರತಿ ಡಿಸ್ಕ್ ಹಾಕಿ ತಾಳೆ ನೋಡುತ್ತೇನೆ. ವಾರಕ್ಕೊಂದು ನಂಬರನ್ನು ಸ್ಕ್ರಿಪ್ಟೇ ಕೇಳುತ್ತದೆ. ದುರಸ್ತಿ ಫೈಲ್ ಬಳಸಬೇಕಾಗಿ ಬಂದ ಡಿಸ್ಕನ್ನು ಅವತ್ತೇ ಹೊಸದಕ್ಕೆ ಬರ್ನ್ ಮಾಡುತ್ತೇನೆ.

ವಿಂಡೋಸ್, ಮ್ಯಾಕ್, ಲಿನಕ್ಸ್: ಏನೇನು ಬೇಕು?

ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಏಳಿಸಲು ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್, ಮ್ಯಾಕ್‌ನಲ್ಲಿ ಲಾಂಚ್‌ಡಿ, ಲಿನಕ್ಸ್‌ನಲ್ಲಿ ಕ್ರಾನ್ ಅಥವಾ ಸಿಸ್ಟಮ್‌ಡಿ ಟೈಮರ್. ಚೆಕ್‌ಸಮ್ ಲೆಕ್ಕ ಹಾಕುವ ಆಜ್ಞೆ ಮೂರರಲ್ಲೂ ಇದೆ, ವಿಂಡೋಸ್‌ನ ಪವರ್‌ಶೆಲ್ ಕೇಳದಿದ್ದರೂ ಎಸ್‌ಎಚ್‌ಎ-256 ಕೊಡುತ್ತದೆ. ರಾತ್ರಿ 2ಕ್ಕೆ ಕಂಪ್ಯೂಟರ್ ಆಫ್ ಆಗಿದ್ದರೆ ಸಾದಾ ಕ್ರಾನ್ ಆ ದಿನ ಬಿಟ್ಟೇಬಿಡುತ್ತದೆ. ತಪ್ಪಿದ ಕೆಲಸವನ್ನು ಆನ್ ಆದ ಮೇಲೆ ಮಾಡುವ ಏರ್ಪಾಡು ಟಾಸ್ಕ್ ಶೆಡ್ಯೂಲರ್‌ನಲ್ಲೂ ಸಿಸ್ಟಮ್‌ಡಿ ಟೈಮರ್‌ನಲ್ಲೂ ಇದೆ, ಅದನ್ನು ಆನ್ ಮಾಡಿ. ಸ್ಕ್ರಿಪ್ಟ್ ಸೋತಾಗ ಮಾತ್ರವಲ್ಲ, ಗೆದ್ದಾಗಲೂ ಒಂದು ಸಾಲು ಕಳಿಸಲಿ. ಮೂರು ದಿನ ಸಂದೇಶ ಬರದಿದ್ದರೆ ಏನೋ ನಿಂತಿದೆ ಅಂತ ಅರ್ಥ.

ತಾರೀಕು ಬದಲಾಗದೆ ಬೆರಳಚ್ಚು ಮಾತ್ರ ಬದಲಾದರೆ?

ಕೂಡಲೇ ನಿಲ್ಲಿಸಿ ನೋಡಿ. ನೀವು ಎಡಿಟ್ ಮಾಡಿದ್ದರೆ ತಾರೀಕು ಬದಲಾಗಬೇಕಿತ್ತು. ಆಗಿಲ್ಲ ಅಂದರೆ ಹಾರ್ಡ್ ಡಿಸ್ಕ್‌ನಲ್ಲಿ ಆ ಫೋಟೋ ಸದ್ದಿಲ್ಲದೆ ಹಾಳಾಗಿರುವ ಸಾಧ್ಯತೆ ಜಾಸ್ತಿ. ತಿಂಗಳಿಗೊಮ್ಮೆ ಎಲ್ಲಕ್ಕೂ ಚೆಕ್‌ಸಮ್ ಹಾಕಿಸುವುದು ಇದನ್ನು ಹಿಡಿಯಲಿಕ್ಕೆ. ಸ್ಕ್ರಿಪ್ಟ್ ಅಂಥದ್ದನ್ನು ಸರದಿಗೆ ಸೇರಿಸದೆ ಎಚ್ಚರಿಕೆ ಕೊಡಬೇಕು. ಪಟ್ಟಿಯಲ್ಲಿ ಡಿಸ್ಕ್ ನಂಬರ್ ನೋಡಿ ಒಳ್ಳೆಯ ಪ್ರತಿಯನ್ನು ವಾಪಸ್ ತನ್ನಿ.

ಎಲ್ಲ ಹೋದರೆ ವಾಪಸ್ ತರುವುದು ಹೇಗೆ?

ಕೊನೆಯ ಡಿಸ್ಕ್ ಮೊದಲು ಹಾಕಿ, ಪಟ್ಟಿಯನ್ನು ತೆಗೆದುಕೊಳ್ಳಿ. ಆಮೇಲೆ ಡಿಸ್ಕ್ 1ರಿಂದ ಒಂದೊಂದಾಗಿ ಒಂದೇ ಫೋಲ್ಡರಿಗೆ ಕಾಪಿ ಮಾಡುತ್ತಾ ಬನ್ನಿ. ಒಂದೇ ಫೈಲ್ ಮತ್ತೆ ಬಂದರೆ ನಂತರದ ಡಿಸ್ಕ್‌ನದ್ದು ಹೊಸದು, ಹಳೆಯದರ ಮೇಲೆ ಬರೆಯಲಿ. ಸರದಿಯಲ್ಲಿದ್ದವನ್ನು ಇನ್ನೊಂದು ಹಾರ್ಡ್ ಡಿಸ್ಕ್‌ನಿಂದ ಕೊನೆಗೆ ಸೇರಿಸಿ. ಪಟ್ಟಿಯ ವಿರುದ್ಧ ಒಮ್ಮೆ ತಾಳೆ ಹಾಕಿದರೆ ಯಾವುದು ಬಂದಿಲ್ಲ ಅಂತ ಹೆಸರು ಸಮೇತ ಸಿಗುತ್ತದೆ.

ಇದನ್ನು ಈ ವಾರವೇ ಒಂದು ಫೋಟೋ ಹಿಡಿದು ಮಾಡಿ ನೋಡಿ. ಯಾವುದಾದರೂ ಹಳೆಯ ಫೋಟೋ ಆರಿಸಿ, ಪಟ್ಟಿಯಲ್ಲಿ ಡಿಸ್ಕ್ ನಂಬರ್ ಹುಡುಕಿ, ಡಿಸ್ಕ್ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ತೆರೆಯಿರಿ. ನನ್ನ 19ನೇ ಡಿಸ್ಕ್ ಈಗ ಹೊಸ ಬಿಡಿ-ಆರ್ ಮೇಲಿದೆ. ಅಪ್ಪನ ಫೋಟೋ ತೆರೆಯಲು ಎರಡು ನಿಮಿಷವೂ ಬೇಕಾಗುವುದಿಲ್ಲ.